ಪೇಂಟ್ ಡಬ್ಬಿಯ ಕರಿಬೇವು

ಗೋಪಾಳ, ಶಿವಮೊಗ್ಗ
8 ಡಿಸೆಂಬರ್ 2024

ಪ್ರೀತಿಯ ಚಿಕ್ಕಮ್ಮ,

ನೀವು ಕೊಟ್ಟ ಕರಿಬೇವಿನ ಗಿಡದಲ್ಲಿ ಚಿಟ್ಟೆ ಮೊಟ್ಟೆ ಇಟ್ಟಿದೆ, ಒಂದಲ್ಲ ನಾಲ್ಕು, ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ, ಬಾಯಲ್ಲಿ ಟೂತ್‌ಬ್ರಷ್ ಇಟ್ಟುಕೊಂಡೇ ನಾನು ನೋಡಿದೆ. ಓಡಿಹೋಗಿ ಹರ್ಷನನ್ನು ಎಬ್ಬಿಸಿ ಕರೆತಂದೆ. ಅವನು ಕಣ್ಣುಜ್ಜಿಕೊಂಡು, "ಔಷಧಿ ಹೊಡೀಬೇಕಾ?" ಅಂದ. ಕೃಷಿ ಯಂತ್ರಗಳ ಕಂಪನಿಯ ಸರ್ವಿಸ್ ಇಂಜಿನಿಯರನ್ನು ಮದುವೆಯಾದರೆ ಇಂಥದ್ದೇ ಕೇಳಬೇಕಾಗುತ್ತದೆ. (ಅತ್ತೆಯ ಮುಂದೆ ಅವನು 'ಇವರು'. ಪತ್ರದಲ್ಲಿ ಹರ್ಷ. ನೀವು ಯಾರಿಗೂ ಹೇಳಬೇಡಿ.)

ಅತ್ತೆಗೂ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ಕನ್ನಡಕದ ಮೇಲಿಂದ ನೋಡಿ, "ಲಿಂಗ ಕಟ್ಕೊಂಡಿರೋ ಮನೆ ಮಾರಾಯ್ತಿ. ಸೊಸೆ ಬಂದು ಹದಿನಾರು ದಿನಕ್ಕೆ ಮನೇಲಿ ಮೊಟ್ಟೆ ಬಂತು ಅಂದ್ರೆ ಕೇಳ್ದೋರು ಏನಂದ್ಕೊತಾರೆ?" ಅಂದರು. ಅದು ಜೋಕ್ ಅಂತ ನನಗೆ ಗೊತ್ತಾಗುವಷ್ಟರಲ್ಲಿ ಅವರು ಮತ್ತೆ ಅಕ್ಕಿಯ ಕಲ್ಲಿಗೆ ಹೋಗಿದ್ದರು.

ಪತ್ರ ಯಾಕೆ ಅಂತೀರಾ? ಫೋನ್ ಮಾಡಿದರೆ ನೀವು "ಹ್ಞೂಂ, ಊಟ ಆಯ್ತಾ, ಇಡ್ತೀನಿ" ಅಂತ ಇಟ್ಟುಬಿಡುತ್ತೀರಿ. ಮೊನ್ನೆಯದು ನಲವತ್ತೊಂದು ಸೆಕೆಂಡ್, ನಾನು ನೋಡಿದ್ದೇನೆ. ಆದರೆ ಅಪ್ಪ ಇದ್ದಷ್ಟು ದಿನವೂ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತವರು. ಅವರ ಹೆಂಡತಿ ಬಂದ ಕಾಗದಕ್ಕೆ ಉತ್ತರ ಬರೆಯದೆ ಇರಲಾರರು ಅಂತ ನನ್ನ ಧೈರ್ಯ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡದಲ್ಲಿ ತಪ್ಪು ಹುಡುಕಬೇಡಿ. ದಿನಕ್ಕೆರಡು ಪುಟ ಕಾಪಿ ಬರೆಸಿದವರು ನೀವೇ.

ಇಲ್ಲಿ ನನಗೆ ಎಲ್ಲವೂ ಇಷ್ಟವಾಗಿದೆ. ಸಂಜೆ ಬರುವ ಪಾನಿಪೂರಿ ಗಾಡಿಯ ಗಂಟೆ, ಹರ್ಷ ಶರ್ಟಿನ ತೋಳು ಮಡಚುವ ರೀತಿ, ಅತ್ತೆ ಮಾಡುವ ಅಕ್ಕಿ ರೊಟ್ಟಿ, ನನ್ನ ಹೆಸರಿನ ಮುಂದೆ ಬಂದಿರುವ 'ಸೌ'. ತೋಟ ಅಂದರೆ ಕಾಂಪೌಂಡಿಗೂ ಮನೆಗೂ ನಡುವೆ ಒಂದು ಪಟ್ಟಿ ಮಣ್ಣು, ಅಷ್ಟೆ. ನಾನು ಕೈ ಅಗಲಿಸಿದರೆ ಎರಡೂ ಗೋಡೆ ಮುಟ್ಟುತ್ತದೆ. ಅಲ್ಲಿ ಒಂದು ದಾಸವಾಳ, ಸ್ವಲ್ಪ ಸೇವಂತಿಗೆ, ಯಾರೂ ನೆಡದೆ ಬಂದ ನಿತ್ಯಪುಷ್ಪ, ಈಗ ನಿಮ್ಮ ಕರಿಬೇವು.

ಆ ಗಿಡವನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟವರು ನೀವು ಅಂತ ಇಲ್ಲಿಗೆ ಬಂದು ಇಳಿಸುವಾಗ ಗೊತ್ತಾಯಿತು. ಗಿಡ ನೆಟ್ಟ ಪೇಂಟ್ ಡಬ್ಬಿಯ ಅಂಚಿನಲ್ಲಿ ನಮ್ಮ ಹಿತ್ತಲ ಬಾಗಿಲಿನ ನೀಲಿ ಬಣ್ಣ ಇನ್ನೂ ಇತ್ತು. ಮಂಟಪದಲ್ಲಿ ನನ್ನನ್ನು ಒಪ್ಪಿಸಿಕೊಡುವ ಹೊತ್ತಿಗೆ ನೀವು ಕಾಣಲಿಲ್ಲ. ವಿಮಲಾ ದೊಡ್ಡಮ್ಮ "ಅವಳು ಆಗ್ಲೇ ಬಸ್ಸಿಗೆ ಹೋದ್ಲು, ಗಿಡಕ್ಕೆ ನೀರು ಹಾಕ್ಬೇಕಂತೆ" ಅಂದರು. ನಾನು ಅಳುತ್ತಿದ್ದೆ, ಫೋಟೋದವರು "ಇನ್ನೊಂದ್ಸಲ ಹಾಗೇ ಅಳಿ ಮೇಡಂ" ಅನ್ನುತ್ತಿದ್ದರು, ಆ ಗಡಿಬಿಡಿಯಲ್ಲಿ ನಾನು ಹೆಚ್ಚು ಯೋಚಿಸಲಿಲ್ಲ.

ಮೊಟ್ಟೆಗಳಿಗೆ ಏನು ಮಾಡಬೇಕು, ಬೇಗ ಬರೆಯಿರಿ.

ನಿಮ್ಮ
ರಕ್ಷಾ


ಓಲ್ಡ್ ಟೌನ್, ಭದ್ರಾವತಿ
೧೬-೧೨-೨೦೨೪

ಚಿ. ಸೌ. ರಕ್ಷಾಳಿಗೆ ಆಶೀರ್ವಾದ.

ಕಾಗದ ಬಂತು. ನೀನು ಹೇಳಿದ ಮೊಟ್ಟೆ ಕಪ್ಪು ಚಿಟ್ಟೆಯದು. ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿರುತ್ತದೆ. ನಿಂಬೆ ಅಥವಾ ಕರಿಬೇವು ಬಿಟ್ಟು ಬೇರೆ ಕಡೆ ಇಡುವುದಿಲ್ಲ.

ನೀನು ಏನೂ ಮಾಡಬೇಕಾಗಿಲ್ಲ. ಮರಿ ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ. ಗಲೀಜು ಎಂದು ಒರೆಸಿ ಹಾಕಬೇಡ. ಆಮೇಲೆ ಹಸಿರಾಗುತ್ತದೆ. ತಾಯಿ ಚಿಟ್ಟೆ ಮತ್ತೆ ಬರುತ್ತದೆಂದು ಕಾಯಬೇಡ, ಅದು ತಿರುಗಿ ನೋಡುವುದಿಲ್ಲ. ಅಲ್ಲಿಂದ ಮುಂದಿನದನ್ನೆಲ್ಲ ಗಿಡ ನೋಡಿಕೊಳ್ಳುತ್ತದೆ. ಒಗ್ಗರಣೆಗೆ ಎಲೆ ಬೇಕಾದರೆ ಅಂಗಡಿಯಿಂದ ತಾ.

ಇಲ್ಲಿ ಚಳಿ. ಸೇವಂತಿಗೆ ಮುಗಿಯಿತು. ಸೀರೆಗಳಿಗೆ ಫಾಲ್ ಹಾಕುವ ಕೆಲಸ ಇದೆ. ನಾನು ಚೆನ್ನಾಗಿದ್ದೇನೆ.

ಇಂತಿ,
ಸುಭದ್ರ


ಗೋಪಾಳ, ಶಿವಮೊಗ್ಗ
7 ಜನವರಿ 2025

ಪ್ರೀತಿಯ ಚಿಕ್ಕಮ್ಮ,

ನಾಲ್ಕರಲ್ಲಿ ಒಂದು ಉಳಿದಿದೆ, ಆದರೆ ಎಂಥ ಒಂದು. ಎರಡನ್ನು ಪಿಕಳಾರ ಹಕ್ಕಿ ನನ್ನ ಕಣ್ಣೆದುರೇ ಎತ್ತಿಕೊಂಡು ಹೋಯಿತು. ಮೂರನೆಯದು ಒಂದು ಬೆಳಿಗ್ಗೆ ಇರಲಿಲ್ಲ, ಅಷ್ಟೆ. ನಾಲ್ಕನೆಯದು ತಿಂದು ತಿಂದು ನನ್ನ ಕಿರುಬೆರಳಿನಷ್ಟಾಯಿತು. ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ತೆಗೆದು ಹೆದರಿಸುತ್ತಿತ್ತು, ನಿಂಬೆ ಸಿಪ್ಪೆ ಕೊಳೆತ ಹಾಗೆ ವಾಸನೆ. ಹರ್ಷ ಬೋಲ್ಟ್ ಅಳೆಯುವ ಕ್ಯಾಲಿಪರ್ ತಂದು ಅದರ ಉದ್ದ ಅಳೆದು ಕ್ಯಾಲೆಂಡರಿನ ಮೇಲೆ ಬರೆದ. ಶುಕ್ರವಾರ ಅದು ಡಬ್ಬಿಯ ಅಂಚಿಗೆ ಇಳಿದು, ನೂಲಿನ ಒಂದು ಸೀಟ್ ಬೆಲ್ಟ್ ಹಾಕಿಕೊಂಡು, ಹಿಂದಕ್ಕೆ ಒರಗಿ ಸುಮ್ಮನಾಯಿತು. ಈಗ ಹಸಿರು ಗೂಡು. ನಾನು ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತೇನೆ.

ಹತ್ತು ಸಲ ಹೋಗಲು ಪುರುಸೊತ್ತು ಎಲ್ಲಿಂದ ಅಂತೀರಾ? ಹರ್ಷ ಸೋಮವಾರ ಬೆಳಿಗ್ಗೆ ಹಾವೇರಿ, ರಾಣೆಬೆನ್ನೂರು ಅಂತ ಹೋದರೆ ಬರುವುದು ಶುಕ್ರವಾರ ರಾತ್ರಿ. ಮದುವೆಗೆ ಮುಂಚೆ ಹೇಳಿದ್ದ, ಆಗ ಅದು ಕೇಳಲು ರೊಮ್ಯಾಂಟಿಕ್ ಆಗಿತ್ತು. ಅತ್ತೆ ಒಳ್ಳೆಯವರು, ಆದರೆ ಮಧ್ಯಾಹ್ನ ಧಾರಾವಾಹಿಯ ಮುಂದೆ ಕೂತರೆ ನಾನು ಏನು ಹೇಳಿದರೂ "ತಡಿ, ಇವ್ಳು ಈಗ ಸಿಕ್ಕಿಬೀಳ್ತಾಳೆ" ಅನ್ನುತ್ತಾರೆ. ಮೂರು ಗಂಟೆಯ ಹೊತ್ತಿಗೆ ಇಡೀ ಬೀದಿ ಮಲಗಿರುತ್ತದೆ. ನಾನು ಬಕೆಟ್ ಮಗುಚಿಕೊಂಡು ಗಿಡದ ಪಕ್ಕ ಕೂರುತ್ತೇನೆ.

ನಿನ್ನೆ ಅತ್ತೆ ಇದ್ದಕ್ಕಿದ್ದಂತೆ, "ಆಷಾಢಕ್ಕೆ ಹೆಂಗೂ ತವರಿಗೆ ಹೋಗ್ತೀಯಲ್ಲ, ಆಗ ಈ ಹುಳಾನೆಲ್ಲ ಯಾರಮ್ಮ ನೋಡ್ಕಳ್ಳೋದು?" ಅಂದರು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಲ್ಲ, ಅದಕ್ಕೆ. "ಯಾವ ಮನೆಗೆ ಹೋಗ್ತೀಯೆ? ಯಾರು ಕರೆಯೋಕೆ ಬರ್ತಾರೆ?" ಅಂತ ಕೇಳಿದರು. ನಾನು ಹಾಲು ಉಕ್ಕುತ್ತಿದೆ ಅಂತ ಎದ್ದೆ. ಹಾಲು ಇಟ್ಟೇ ಇರಲಿಲ್ಲ.

ಚಿಕ್ಕಮ್ಮ, ಅವತ್ತು ಅಷ್ಟು ಬೇಗ ಯಾಕೆ ಹೋದಿರಿ?

ನಿಮ್ಮ
ರಕ್ಷಾ


ಓಲ್ಡ್ ಟೌನ್, ಭದ್ರಾವತಿ
೨೧-೦೧-೨೦೨೫

ಚಿ. ಸೌ. ರಕ್ಷಾಳಿಗೆ ಆಶೀರ್ವಾದ.

ಗೂಡು ಇರುವ ಡಬ್ಬಿಯನ್ನು ಜರುಗಿಸಬೇಡ. ಚಳಿಗೆ ತಡವಾಗಬಹುದು. ಇದರ ಜೊತೆ ರತ್ನಗಂಧಿಯ ಬೀಜ ಕಳಿಸಿದ್ದೇನೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಹಾಕು. ಕಪ್ಪು ಚಿಟ್ಟೆಗೆ ಅದರ ಹೂವಿನ ಜೇನು ಇಷ್ಟ.

ಮೊನ್ನೆ ಸಂಕ್ರಾಂತಿಗೆ ಎಳ್ಳು ಬೀರಲು ಬೀದಿಯ ಮಕ್ಕಳು ಬಂದಿದ್ದವು. ಒಂದು ಮಗು ರಕ್ಷಕ್ಕ ಎಲ್ಲಿ ಎಂದು ಕೇಳಿತು. ಶಿವಮೊಗ್ಗ ಎಂದೆ. ಅದು ದೂರವಾ ಎಂದಿತು.

ಅತ್ತೆಯವರ ಮಾತು ಕೇಳಿಕೊಂಡಿರು. ಅವರು ಕೂತಾಗ ನೀನೂ ಪಕ್ಕದಲ್ಲಿ ಕೂತು ಧಾರಾವಾಹಿ ನೋಡು. ಏನೂ ನಷ್ಟವಿಲ್ಲ.

ಇಂತಿ,
ಸುಭದ್ರ


ಗೋಪಾಳ, ಶಿವಮೊಗ್ಗ
5 ಫೆಬ್ರುವರಿ 2025

ಪ್ರೀತಿಯ ಚಿಕ್ಕಮ್ಮ,

ಗೂಡಿನಿಂದ ಚಿಟ್ಟೆ ಬರಲಿಲ್ಲ. ವಾರದ ಹಿಂದೆ ಅದು ಕಂದು ಬಣ್ಣಕ್ಕೆ ತಿರುಗಿತು. ಇನ್ನೇನು ಬಂತು ಅಂತ ನಾನು ಫೋನಿನ ಕ್ಯಾಮೆರಾ ಇಟ್ಟುಕೊಂಡು ಕಾದೆ. ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿ ಗುಂಡುಸೂಜಿಯ ಮೊನೆಯಷ್ಟು ತೂತು, ಅದರಿಂದ ಸಣ್ಣ ಸಣ್ಣ ಕಣಜಗಳು ಒಂದರ ಹಿಂದೆ ಒಂದು. ಗೂಡು ಹಗುರವಾಗಿ, ಕಡಲೆಕಾಯಿ ಸಿಪ್ಪೆಯ ಹಾಗೆ. ಹರ್ಷ ಊರಿನಲ್ಲಿ ಇರಲಿಲ್ಲ. ಅತ್ತೆಗೆ ಹೇಳಿದರೆ ನಗುತ್ತಾರೇನೋ ಅಂತ ಹೇಳಲಿಲ್ಲ. ಅವರು ಊಟಕ್ಕೆ ಕರೆದಾಗ ನನ್ನ ಮುಖ ನೋಡಿ ಮಜ್ಜಿಗೆಗೆ ಇನ್ನೊಂದು ಸಲ ಒಗ್ಗರಣೆ ಹಾಕಿದರು.

ಅದೇ ದಿನ ಸಂಜೆ ಮದುವೆಯ ಆಲ್ಬಮ್ ಬಂತು. ಸೂಟ್‌ಕೇಸಿನಂಥ ಬಾಕ್ಸ್, ತೆರೆದರೆ ಒಳಗೆ ಲೈಟ್ ಹತ್ತುತ್ತದೆ. ಅತ್ತೆ ಮತ್ತು ನಾನು ಪುಟ ತಿರುಗಿಸಿದೆವು. ಮೊದಲ ಸಲ ನಾನು ನನ್ನನ್ನೇ ನೋಡಿಕೊಂಡೆ, ಇರಲಿ, ಎಲ್ಲ ಹುಡುಗಿಯರೂ ಹಾಗೇ. ಎರಡನೇ ಸಲ ನಿಮ್ಮನ್ನು ಹುಡುಕಿದೆ.

ಧಾರೆಯಲ್ಲಿ ಶಿವಮೂರ್ತಿ ದೊಡ್ಡಪ್ಪ, ವಿಮಲಾ ದೊಡ್ಡಮ್ಮ. ಆರತಿಯಲ್ಲಿ ದೊಡ್ಡಮ್ಮ. ಒಪ್ಪಿಸಿಕೊಡುವಾಗ ದೊಡ್ಡಪ್ಪ. ದೊಡ್ಡಮ್ಮನ ತಂಗಿಯ ಮಗಳು, ನಾನು ಸ್ಕೂಟಿ ಕಲಿಸಿಕೊಟ್ಟವಳು, ಹದಿನಾಲ್ಕು ಕಡೆ ಇದ್ದಾಳೆ. ನೀವು ಒಂದೇ ಒಂದು ಕಡೆ ಇದ್ದೀರಿ. ಊಟದ ಹಾಲಿನ ಬಾಗಿಲ ಹತ್ತಿರ, ಕಂಬದ ಹಿಂದೆ, ನಿಮ್ಮ ಎಲೆಹಸಿರು ಸೀರೆಯ ಸೆರಗು ಮತ್ತು ಹೂವಿನ ಬುಟ್ಟಿ ಹಿಡಿದ ಒಂದು ಕೈ. ಮುಖ ಇಲ್ಲ. ಆ ಕೈ ನಿಮ್ಮದು ಅಂತ ನನಗೆ ಗೊತ್ತು, ಹೆಬ್ಬೆರಳಿನ ಸೂಜಿ ಗಾಯದ ಮೇಲೆ ಪ್ಲಾಸ್ಟರ್ ಇತ್ತು.

ಆಮೇಲೆ ಲಗ್ನಪತ್ರಿಕೆಯನ್ನೂ ತೆಗೆದು ನೋಡಿದೆ. ಅದರ ಡಿಸೈನ್ ನಾನೇ ಆರಿಸಿದ್ದು, ಬಣ್ಣ ನಾನೇ ಹೇಳಿದ್ದು. ಮೂಲೆಯಲ್ಲಿ ಎರಡು ಚಿಟ್ಟೆ ಹಾಕಿಸಿದ್ದೂ ನಾನೇ. ಅದರಲ್ಲಿ ಅಪ್ಪನ ಹೆಸರು ಇದೆ, ನನ್ನ ಐದನೇ ವರ್ಷದಲ್ಲಿ ತೀರಿಕೊಂಡ ಅಮ್ಮನ ಹೆಸರು ಇದೆ, ದೊಡ್ಡಪ್ಪ ದೊಡ್ಡಮ್ಮನ ಹೆಸರು ಇದೆ. ಪ್ರೂಫ್ ಬಂದಾಗ ನಾನು ಮೂರು ಸಲ ಓದಿದ್ದೆ. ನಿಮ್ಮ ಹೆಸರು ಇಲ್ಲ ಅನ್ನುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಚಿಟ್ಟೆ ಸ್ವಲ್ಪ ಎಡಕ್ಕೆ ಬರಲಿ ಅಂತ ತಿದ್ದಿಸಿದ್ದೆ.

ರತ್ನಗಂಧಿ ಮೊಳಕೆ ಬಂದಿದೆ.

ರಕ್ಷಾ


ಗೋಪಾಳ, ಶಿವಮೊಗ್ಗ
8 ಏಪ್ರಿಲ್ 2025

ಪ್ರೀತಿಯ ಚಿಕ್ಕಮ್ಮ,

ಎರಡು ತಿಂಗಳಾಯಿತು, ನಿಮ್ಮ ಕಾಗದ ಇಲ್ಲ. ಫೋನ್ ಮಾಡಿದಾಗ "ಬಂದಿದೆ, ಬರೀತೀನಿ" ಅಂದಿರಿ. ಇಪ್ಪತ್ತೆಂಟು ಸೆಕೆಂಡ್.

ಇಲ್ಲಿ ಬಿಸಿಲಿಗೆ ಏನೂ ಇಲ್ಲ. ಸೇವಂತಿಗೆ ಕಡ್ಡಿಯಾಗಿದೆ, ದಾಸವಾಳದ ಮೊಗ್ಗು ಅರಳುವ ಮುಂಚೆ ಉದುರುತ್ತದೆ. ಅದೇನೋ ಒಂದು ಪುಟ್ಟ ಬೂದು ಬಣ್ಣದ ಚಿಟ್ಟೆ, ಅಂಗಿ ಗುಂಡಿಯಷ್ಟಿದೆ, ಬಚ್ಚಲ ನೀರು ಹರಿಯುವ ಕಡೆ ಒದ್ದೆ ಮಣ್ಣಿನಲ್ಲಿ ಬಂದು ಕೂರುತ್ತದೆ. ನಾನು ಅದಕ್ಕೋಸ್ಕರ ಮಧ್ಯಾಹ್ನ ಒಂದು ಚೊಂಬು ನೀರು ಚೆಲ್ಲುತ್ತೇನೆ. ಯುಗಾದಿಗೆ ಹರ್ಷ ಎರಡು ದಿನ ಇದ್ದ, ಹೋಳಿಗೆ ತಿಂದ, ಹೋದ. ಈ ಬೀದಿಯಲ್ಲಿ ನನ್ನನ್ನು ಎಲ್ಲರೂ 'ಹರ್ಷನ ಹೆಂಡ್ತಿ' ಅನ್ನುತ್ತಾರೆ. ರಕ್ಷಾ ಅಂತ ಕರೆಯುವವನು ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಾನೆ. ನನಗೆ ದುಃಖ ಅಂತ ಅಲ್ಲ. ಮೂರು ಗಂಟೆಯಿಂದ ಐದು ಗಂಟೆಯವರೆಗೆ ಮಾತ್ರ, ಏನೋ ಒಂಥರಾ.

ಆ ಹೊತ್ತಿನಲ್ಲಿ ಕೂತು ನಾನು ಯೋಚಿಸಿದ್ದು ಬರೆಯುತ್ತೇನೆ, ನೀವು ಹರಿದು ಹಾಕಿದರೂ ಸರಿ.

ನೀವು ನಮ್ಮ ಮನೆಗೆ ಬಂದಾಗ ನನಗೆ ಎಂಟು ವರ್ಷ. ಒಂದು ತಿಂಗಳು ನಾನು ನಿಮ್ಮ ಜೊತೆ ಮಾತಾಡಲಿಲ್ಲ. ಅಪ್ಪ ಬೈದರು, ನೀವು ಬೈಯಬೇಡಿ ಅಂದಿರಿ. ಒಂದು ಬೆಳಿಗ್ಗೆ ನನ್ನ ಹಾಸಿಗೆಯ ಕಿಟಕಿಯ ಮೇಲೆ ಜಾಮ್ ಬಾಟಲಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿದ್ದಿರಿ, ಒಳಗೆ ನಿಂಬೆಯ ಕಡ್ಡಿ, ಅದರ ಮೇಲೆ ಒಂದು ಹುಳ. ದಿನಾ ಎಲೆ ಬದಲಾಯಿಸಿ ಹೋಗುತ್ತಿದ್ದಿರಿ. ಹುಳ ಗೂಡಾಯಿತು. ಆಮೇಲೆ ಒಂದು ದಿನ ಸ್ಕೂಲಿಗೆ ಅಪ್ಪನ ಕೈಯಲ್ಲಿ ಜಡೆ ಹಾಕಿಸಿಕೊಳ್ಳುವಾಗ ನೋಡಿದೆ, ಬಾಟಲಿಯಲ್ಲಿ ಒದ್ದೆ ರೆಕ್ಕೆಯ ಚಿಟ್ಟೆ. ಅರ್ಧ ಜಡೆಯಲ್ಲೇ ಅಡುಗೆಮನೆಗೆ ಓಡಿ ಬಂದು ನಿಮಗೆ "ಬಂತು" ಅಂದೆ. ನಾನು ನಿಮಗೆ ಹೇಳಿದ ಮೊದಲ ಮಾತು ಅದು. ನಿಮಗೆ ನೆನಪಿದೆಯೋ ಇಲ್ಲವೋ.

ಅಷ್ಟು ವರ್ಷ ಜೊತೆಗಿದ್ದು ಮದುವೆಯ ದಿನ ನಾನು ನಿಮ್ಮನ್ನು ಹುಡುಕಲಿಲ್ಲ.

ರಕ್ಷಾ


ಓಲ್ಡ್ ಟೌನ್, ಭದ್ರಾವತಿ
೨೨-೦೪-೨೦೨೫

ಚಿ. ಸೌ. ರಕ್ಷಾಳಿಗೆ ಆಶೀರ್ವಾದ.

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಇನ್‌ಲ್ಯಾಂಡ್ ಹಾಳು ಮಾಡಿದೆನೆಂದು ನಿಮ್ಮಪ್ಪ ಇದ್ದಿದ್ದರೆ ಗೊಣಗುತ್ತಿದ್ದರು.

ಮೊನ್ನೆ ಸಂಜೆ ಮೊದಲ ಮಳೆ ಬಂತು. ಬೆಳಿಗ್ಗೆ ಎದ್ದರೆ ಹಿತ್ತಲಲ್ಲಿ ಎಕ್ಕದ ಗಿಡದ ಸುತ್ತ ಕೇಸರಿ ಚಿಟ್ಟೆ ಐದಾರು. ಬಟ್ಟೆ ಒಣಗಿಸುವ ಹಗ್ಗದ ಮೇಲೂ ಒಂದು ಕೂತಿತ್ತು. ತೋರಿಸಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ ಒಳಗೆ ಬಂದೆ.

ಪತ್ರಿಕೆಯಲ್ಲಿ ಹೆಸರು ಬೇಡ ಎಂದು ಶಿವಮೂರ್ತಿ ಭಾವನವರಿಗೆ ಹೇಳಿದವಳು ನಾನು. ಗಂಡ ಇಲ್ಲದವಳ ಹೆಸರು ಶುಭಕಾರ್ಯದಲ್ಲಿ ಯಾಕೆ ಎಂದು ಯಾರಾದರೂ ಅನ್ನುವ ಮೊದಲು ನಾನೇ ಅಂದೆ. ನೀನು ಒಂದು ಸಲ ಕೇಳುತ್ತೀಯ, ಚಿಕ್ಕಮ್ಮನ ಹೆಸರು ಎಲ್ಲಿ ಎಂದು, ಅಂದುಕೊಂಡಿದ್ದೆ. ನೀನು ಸಂತೋಷದಲ್ಲಿದ್ದೆ. ಅದರಲ್ಲಿ ತಪ್ಪಿಲ್ಲ.

ಬಸ್ಸಿಗೆ ಹೋದೆನೆಂದು ವಿಮಲಕ್ಕ ಹೇಳಿದ್ದು ಅವರ ಸುಳ್ಳಲ್ಲ, ಹಾಗೆ ಹೇಳಲು ನಾನೇ ತಿಳಿಸಿದ್ದೆ. ಹೋಗಿರಲಿಲ್ಲ. ಮಂಟಪದ ಎದುರು ಬೇಕರಿ ಇದೆಯಲ್ಲ, ಅಲ್ಲಿ ನಿಂತಿದ್ದೆ. ಒಪ್ಪಿಸಿಕೊಡುವಾಗ ನಾನು ಅಲ್ಲೇ ಇದ್ದರೆ ನೀನು ನನ್ನ ಕಡೆ ನೋಡುತ್ತೀಯೋ ಇಲ್ಲವೋ ಎಂದು ಗೊತ್ತಾಗಿಬಿಡುತ್ತಿತ್ತು. ಗೊತ್ತಾಗದೆ ಇರುವುದೇ ವಾಸಿ ಅನ್ನಿಸಿತು. ನಿಮ್ಮ ಕಾರು ಹೋಗುವವರೆಗೂ ಇದ್ದೆ. ಬೇಕರಿಯವನು ಏನು ಬೇಕು ಎಂದು ಕೇಳಿದ, ಒಂದು ಬನ್ ತೆಗೆದುಕೊಂಡೆ.

ಕಣಜದ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅದೂ ಆ ಗಿಡದಲ್ಲೇ ಬೆಳೆದದ್ದು.

ಬಾಟಲಿ ಇನ್ನೂ ಇದೆ. ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದೇನೆ.

ಇಂತಿ,
ಸುಭದ್ರ


ಗೋಪಾಳ, ಶಿವಮೊಗ್ಗ
27 ಮೇ 2025

ಪ್ರೀತಿಯ ಚಿಕ್ಕಮ್ಮ,

ಬನ್ ತಿಂದಿರಾ? ನಿಮ್ಮ ಕಾಗದ ಓದಿ ಒಂದು ತಿಂಗಳಿಂದ ನನ್ನ ತಲೆಯಲ್ಲಿ ಇದೇ ಪ್ರಶ್ನೆ. ಬೇರೆ ಯಾವುದನ್ನೂ ಕೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುವುದು ತಡವಾಯಿತು.

ಇವತ್ತು ಒಂದು ವಿಷಯ ಆಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು. ಬಟ್ಟೆ ಹರವುತ್ತಿದ್ದೆ. ಒಂದು ಚಿಟ್ಟೆ ತಲೆಯ ಮೇಲೆ ಹೋಯಿತು, ಕಪ್ಪು ರೆಕ್ಕೆಯಲ್ಲಿ ತಿಳಿ ನೀಲಿ ಪಟ್ಟೆ. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲು ಆಗಲಿಲ್ಲ. ಯಾವುದೂ ಹೂವಿಗೆ ಇಳಿಯಲಿಲ್ಲ. ನನ್ನ ರತ್ನಗಂಧಿ ಮೊದಲ ಸಲ ಅರಳಿದೆ, ಅದನ್ನೂ ನೋಡಲಿಲ್ಲ. ಕಾಂಪೌಂಡ್ ದಾಟಿ, ಎದುರು ಮನೆಯ ಸಿಂಟೆಕ್ಸ್ ದಾಟಿ, ಎಲ್ಲವೂ ಒಂದೇ ದಿಕ್ಕಿಗೆ. ಅತ್ತೆಯನ್ನು ಕೂಗಿದೆ. ಅವರು ಬೆಳಗಿನ ಧಾರಾವಾಹಿ ಬಿಟ್ಟು ಬಂದರು, ನಿಜವಾಗಿ ಬಂದರು. ಸೆರಗನ್ನು ತಲೆಗೆ ಹಾಕಿಕೊಂಡು ನಿಂತು ನೋಡಿದರು. "ಎಲ್ಲಿಗ್ ಹೊಂಟಾವೆ ಇವೆಲ್ಲ?" ಅಂದರು. ಮಳೆ ಜೋರಾಗುವ ಮುಂಚೆ ಇವು ಕಾಡು ಬಿಟ್ಟು ಬಯಲ ಕಡೆ ಹೋಗುತ್ತವೆ ಅಂತ ನೀವು ಹೇಳಿದ್ದು ಹೇಳಿದೆ. "ಯಾವ್ ಕಡೆ ಅದು?" ಅಂದರು. ನಾನು ಸೂರ್ಯನನ್ನು ನೋಡಿ, ಕೈ ತೋರಿಸಿ, ಆಮೇಲೆ ಗೊತ್ತಾಯಿತು. ಭದ್ರಾವತಿ ಕಡೆ.

"ಇವ್ಕೂ ಆಷಾಢ ಬಂತೇನೋ," ಅಂದರು ಅತ್ತೆ.

ಅದಕ್ಕೇ ಈ ಕಾಗದ. ಜೂನ್ ಇಪ್ಪತ್ತಾರಕ್ಕೆ ಆಷಾಢ. ನಿನ್ನೆ ಶಿವಮೂರ್ತಿ ದೊಡ್ಡಪ್ಪ ಫೋನ್ ಮಾಡಿದ್ದರು. ಅವರು ಬಂದು ಕರೆದುಕೊಂಡು ಹೋಗುತ್ತಾರಂತೆ, ಒಂದು ತಿಂಗಳು ಅವರ ಮನೆಯಲ್ಲಿ. ಅವರ ಮನೆ ಆಲ್ಕೊಳ. ಗೋಪಾಳದಿಂದ ಆಲ್ಕೊಳಕ್ಕೆ ತವರಿಗೆ ಹೋಗುವುದು, ಸಿಟಿ ಬಸ್ಸಿನ ತವರು. ದೊಡ್ಡಪ್ಪ ಒಳ್ಳೆಯವರು, ನನಗೆ ಅವರ ಮೇಲೆ ಏನೂ ಇಲ್ಲ. ಆದರೆ ಅವರ ಮನೆಯಲ್ಲಿ ಕುಕ್ಕರ್ ಎಲ್ಲಿಡುತ್ತಾರೆ ಅಂತಲೂ ನನಗೆ ಗೊತ್ತಿಲ್ಲ. ನೀಲಿ ಬಾಗಿಲು ತೆಗೆದರೆ ಯಾವ ಕಲ್ಲು ಅಲ್ಲಾಡುತ್ತದೆ ಅಂತ ಗೊತ್ತಿರುವುದು ಒಂದೇ ಮನೆಯಲ್ಲಿ.

ಕರೆಯದೆ ಹೋಗುವ ಹಾಗಿಲ್ಲ. ತವರಿನವರು ಹೂ ಹಣ್ಣು ತಂದು, ಅತ್ತೆಯನ್ನು ಕೇಳಿ ಕರೆದುಕೊಂಡು ಹೋಗಬೇಕು. ನೀವು ಬರುತ್ತೀರಾ?

ನಿಮ್ಮ
ರಕ್ಷಾ


ಓಲ್ಡ್ ಟೌನ್, ಭದ್ರಾವತಿ
೦೨-೦೬-೨೦೨೫

ಚಿ. ಸೌ. ರಕ್ಷಾಳಿಗೆ ಆಶೀರ್ವಾದ.

ನೀಲಿ ಚಿಟ್ಟೆಗಳು ಇಲ್ಲಿಗೂ ಬಂದವು. ನೀನು ನೋಡಿದವೇ ಇರಬಹುದು. ಒಣಗಿದ ಗಿಲಕಿ ಗಿಡದ ಕಡ್ಡಿಗೆ ಮುತ್ತಿಕೊಂಡು ಒಂದು ರಾತ್ರಿ ಇದ್ದು, ಬೆಳಿಗ್ಗೆ ಹೊರಟವು.

ನೀನು ಕೇಳಿದೆಯಲ್ಲ, ಅಷ್ಟೇ ಸಾಕು. ನಾನು ಬರುವುದು ಸರಿಯಾಗುವುದಿಲ್ಲ. ಹೊಸ ಮದುಮಗಳ ಮನೆಗೆ ನಾನು ತಾಂಬೂಲ ಹಿಡಿದು ಬಂದರೆ ನಿಮ್ಮತ್ತೆ ಏನೆಂದುಕೊಳ್ಳುತ್ತಾರೆ. ಬೀದಿಯವರು ಏನೆನ್ನುತ್ತಾರೆ. ನಾಳೆ ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೂ ಅವತ್ತು ಕರೆಯಲು ಯಾರು ಬಂದಿದ್ದರು ಎಂದು ಮಾತಾಗುತ್ತದೆ. ಭಾವನವರು ಹಿರಿಯರು, ಅವರು ಕರೆಯುವುದೇ ಕ್ರಮ. ಆಲ್ಕೊಳಕ್ಕೆ ಹೋಗು. ಅಕ್ಕ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಬನ್ ತಿನ್ನಲಿಲ್ಲ. ಬಸ್ಸಿನಲ್ಲಿ ಪಕ್ಕದ ಮಗುವಿಗೆ ಕೊಟ್ಟೆ.

ಇಂತಿ,
ಸುಭದ್ರ


ಗೋಪಾಳ, ಶಿವಮೊಗ್ಗ
9 ಜೂನ್ 2025

ಚಿಕ್ಕಮ್ಮ,

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ, ಜಾಮ್ ಬಾಟಲಿಯ ಹುಳದ ಕಥೆಯನ್ನೂ. ಬೈಯಬೇಡಿ. ಹರ್ಷ ಬಿತ್ತನೆಯ ಸೀಸನ್ ಅಂತ ಎರಡು ವಾರದಿಂದ ಬಂದಿಲ್ಲ, ಮನೆಯಲ್ಲಿ ನಾವಿಬ್ಬರೇ, ಹೊರಗೆ ಮಳೆ, ಕರೆಂಟ್ ಹೋಗಿ ಟೀವಿಯೂ ಇರಲಿಲ್ಲ. ನಾನು ಅಳುತ್ತಾ ಓದಿದೆ. ಈ ಸಲ ಫೋಟೋದವರು ಇರಲಿಲ್ಲ.

ಅತ್ತೆ ಪೂರ್ತಿ ಕೇಳಿದರು. ಆಮೇಲೆ ಎದ್ದು ಹೋಗಿ ಆಲ್ಬಮ್ ತಂದರು. ಆ ಕಂಬದ ಪುಟ ತೆಗೆದು, "ಈ ಕೈ ನಿಮ್ಮ ಚಿಕ್ಕಮ್ಮಂದು ಅಂದ್ಯಲ್ಲ. ಅದರ ಪಕ್ಕ ನೋಡು" ಅಂದರು. ನೋಡಿದೆ. ಕಂಬದ ಇನ್ನೊಂದು ಬದಿಯಲ್ಲಿ ಕಾಫಿ ಬಣ್ಣದ ಸೀರೆಯ ನೆರಿಗೆ.

"ಅದು ನಾನು," ಅಂದರು.

ನನಗೆ ಹೊಳೆದೇ ಇರಲಿಲ್ಲ ಚಿಕ್ಕಮ್ಮ. ಮಾವ ಹೋಗಿ ಒಂಬತ್ತು ವರ್ಷ. ಹರ್ಷನ ಕಡೆಯೂ ಧಾರೆಗೆ ಕೂತವರು ಅವನ ಸೋದರಮಾವ ಮತ್ತು ಅವರ ಹೆಂಡತಿ. ತನ್ನ ಒಬ್ಬನೇ ಮಗನ ಮದುವೆಯಲ್ಲಿ ಇವರು ಕಂಬದ ಹಿಂದೆ ಇದ್ದರು. ಆಲ್ಬಮ್ಮಿನಲ್ಲಿ ನಾನು ನಿಮ್ಮನ್ನು ಹುಡುಕುವಾಗ ಇವರೂ ನನ್ನ ಪಕ್ಕದಲ್ಲೇ ಕೂತು ಪುಟ ತಿರುಗಿಸುತ್ತಿದ್ದರು, ತಮ್ಮನ್ನು ಹುಡುಕಿಕೊಂಡರೋ ಏನೋ, ನಾನು ಕೇಳಲಿಲ್ಲ.

"ಅರ್ಧ ಗಂಟೆ ಒಂದೇ ಕಂಬಕ್ಕೆ ಒರಗಿದ್ವಿ," ಅಂದರು. "ಅವ್ರು ಬುಟ್ಟಿಯಿಂದ ಒಂದು ಮೊಳ ಕಾಕಡ ತೆಗ್ದು ನನಗೆ ಕೊಟ್ರು. ನಾನು ಮುಡ್ಕೊಳ್ಳಲ್ಲ ಅಂದೆ. ನಾನೂ ಅಷ್ಟೇ, ಸುಮ್ನೆ ಇಟ್ಕೊಳ್ಳಿ ಅಂದ್ರು. ಅಷ್ಟೇ ಮಾತು. ಬೀಗಿತ್ತಿಯರು ಆಡಿದ್ದು ಅಷ್ಟೇ ಮಾತು ಮಾರಾಯ್ತಿ."

ಆಮೇಲೆ ಆಲ್ಬಮ್ ಮುಚ್ಚಿದರು. "ಬರಿ," ಅಂದರು. "ಶಿವಮೂರ್ತಪ್ಪೋರು ಬಂದ್ರೆ ಕಾಫಿ ಕೊಟ್ಟು ಕಳಿಸ್ತೀನಿ, ಸೊಸೇನ ಕಳಿಸಲ್ಲ. ಎಂಟು ವರ್ಷದ ಕೂಸಿಗೆ ಹುಳ ತೋರ್ಸಿ ಮಾತು ಬರ್ಸಿದೋಳು ಯಾರೋ ಅವ್ಳೇ ಬಂದು ಕೇಳ್ಬೇಕು. ಬರ್ದೇ ಇದ್ರೆ ಇವ್ಳು ಇಲ್ಲೇ ಇರ್ಲಿ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಿದ್ರೆ ಏನಾಗುತ್ತೋ ಆಗ್ಲಿ, ಆ ಪಾಪ ಅವ್ರ ತಲೆ ಮೇಲೆ."

ನಾನು ಒಂದಕ್ಷರ ಸೇರಿಸಿಲ್ಲ. ಜ್ವರದ ಮಾತಿಗೆ ಅವರು, "ಡೋಲೋ ತಂದಿಟ್ಟಿದೀನಿ ಅಂತ ಹೇಳು" ಅಂದರು.

ಕರಿಬೇವಿನಲ್ಲಿ ಮತ್ತೆ ಮೊಟ್ಟೆ ಇದೆ, ಎರಡು. ನಾನು ಇಲ್ಲದಾಗ ಅತ್ತೆ ನೋಡಿಕೊಳ್ಳುತ್ತಾರಂತೆ. ಹಿಕ್ಕೆಯ ಹಾಗಿರುವುದನ್ನು ಒರೆಸಬಾರದು ಅಂತ ಮೂರು ಸಲ ಹೇಳಿದ್ದೇನೆ.

ನೀನು ಬಾ, ಚಿಕ್ಕಮ್ಮ. ಈ ಸಲ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ರಕ್ಷಾ


ಓಲ್ಡ್ ಟೌನ್, ಭದ್ರಾವತಿ
೧೬-೦೬-೨೦೨೫

ರಕ್ಷಾ,

ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಕಾಫಿ ಬಣ್ಣದ ಸೀರೆಯವರೇ ಹುಡುಗನ ತಾಯಿ ಎಂದು ನನಗೆ ಅವತ್ತೇ ಗೊತ್ತಿತ್ತು. ಅದಕ್ಕೇ ಹೂವು ಕೊಟ್ಟೆ.

ಭಾವನವರಿಗೆ ಫೋನ್ ಮಾಡಿ ಹೇಳಿದೆ. ಅವರು, ನಾನು ಆಟೋ ಕಳಿಸಲಾ ಸ್ಟೇಷನ್ನಿಗೆ, ಎಂದು ಕೇಳಿದರು. ಬೇಡ ಎಂದೆ.

ಐದು ತರದ ಹಣ್ಣು, ಎಲೆ ಅಡಿಕೆ, ನಿನಗೊಂದು ಅವರಿಗೊಂದು ರವಿಕೆ ಕಣ ತೆಗೆದಿಟ್ಟಿದ್ದೇನೆ. ಹೂವು ಅಂಗಡಿಯದಲ್ಲ, ಹಿತ್ತಲಿನದು. ನಿನ್ನ ಕಿಟಕಿಯ ಹತ್ತಿರದ ಮಂಚಕ್ಕೆ ಹೊಸ ಹಾಸಿಗೆ ಬಟ್ಟೆ ಹಾಕಿದ್ದೇನೆ. ಗುಂಡಿಗಳನ್ನು ಬೇರೆ ಡಬ್ಬಿಗೆ ಸುರಿದು ಬಾಟಲಿ ತೊಳೆದಿಟ್ಟಿದ್ದೇನೆ.

ಕರೆಯಲು ಬಂದವರು ಹೊಸಿಲಲ್ಲಿ ನಿಂತು, ನಮ್ಮ ಮನೆಯ ಮಗಳನ್ನು ಕಳಿಸಿಕೊಡಿ ಎಂದು ಕೇಳಬೇಕಂತೆ. ನನಗೆ ಅಭ್ಯಾಸವಿಲ್ಲ. ಮೂರು ದಿನದಿಂದ ಅಡುಗೆಮನೆಯಲ್ಲಿ ಒಬ್ಬಳೇ ಹೇಳಿ ನೋಡುತ್ತಿದ್ದೇನೆ. ಮಗಳು ಎಂಬಲ್ಲಿಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಅಲ್ಲಿ ನಿಲ್ಲಿಸಿದರೆ ನಗಬೇಡ, ಮಿಕ್ಕಿದ್ದನ್ನು ನೀನೇ ಹೇಳಿಬಿಡು.

ಇದೇ ಭಾನುವಾರ, ಜೂನ್ ಇಪ್ಪತ್ತೆರಡು, ಬೀರೂರಿನಿಂದ ಬರುವ ಬೆಳಗಿನ ಪ್ಯಾಸೆಂಜರಿಗೆ ಬರುತ್ತೇನೆ.

ನಿನ್ನ
ಚಿಕ್ಕಮ್ಮ